ಬೆಲ್ಲನಿಗೆ ಎಣ್ಣೆ ಕುಡಿಸಿದ ದಿನ

೧೯೭೮ನೇ ಇಸವಿ. ಮಾಯಸಂದ್ರದ ಹತ್ತಿರದ ಒಂದು ಹಳ್ಳಿಯ ವೆಟರ್ನರಿ ಡಿಸ್ಪೆನ್ಸರಿಯಲ್ಲಿ ನಾನು ಅಟೆಂಡರ್. ಜನ ಕರೀತಿದ್ದದ್ದು ದನದಾಸ್ಪತ್ರೆ ಅಂತ. ಓದಿದ್ದು ನಾಲ್ಕನೇ ಕ್ಲಾಸು. ಎತ್ತು ಕೆಡವೋದು, ಗಾಯ ತೊಳೆಯೋದು, ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ದನಗಳಿಗೆ ಔಷಧಿ ಕುಡಿಸೋದು ನನ್ನ ಕೆಲಸ. ಒಂಬತ್ತು ವರ್ಷ ಅದನ್ನೇ ಮಾಡಿ, ನಾನೂ ಅರ್ಧ ಡಾಕ್ಟರು ಅಂದುಕೊಂಡಿದ್ದೆ.

ಆ ಊರಿಗೆ ಆನಾ ಅಂತ ಒಬ್ಬ ಪರದೇಶದ ಹೆಣ್ಣುಮಗಳು ಬಂದಿದ್ದರು. ಬಾಣಂತಿಯರಿಗೆ ಮಕ್ಕಳ ಆರೈಕೆ ಹೇಳಿಕೊಡೋ ಕೆಲಸ. ತೆಂಗಿನ ತೋಟದ ನಂಜಪ್ಪನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ಬೀದಿಯಲ್ಲಿ ಸಿಕ್ಕ ಒಂದು ನಾಯಿಮರಿ ಸಾಕಿ, ಮೈಬಣ್ಣ ನೋಡಿ ಬೆಲ್ಲ ಅಂತ ಹೆಸರಿಟ್ಟರು. ತಂದೆ ತಾಯಿ ಸಮುದ್ರದಾಚೆ. ಇಲ್ಲಿ ಅವರ ಮನೆಯೋರು ಅಂದರೆ ಬೆಲ್ಲನೇ.

ಒಂದು ದಿನ ಡಿಸ್ಪೆನ್ಸರಿಗೆ ಬಂದು, ಕಲಿತಿದ್ದಷ್ಟು ಕನ್ನಡದಲ್ಲಿ ಕೇಳಿದರು: "ಮುಂದೆ ಬೆಲ್ಲನಿಗೆ ಕಾಯಿಲೆ ಬಂದ್ರೆ? ಡಾಕ್ಟರು ಊರಲ್ಲಿ ಇಲ್ಲದಿದ್ರೆ? ಆಗ ಯಾರು?"

ಅಲ್ಲೇ ಕೂತಿದ್ದ ನಮ್ಮ ಡಾಕ್ಟರು ಬಾಯಿ ಬಿಡೋ ಮುಂಚೆ ನಾನೇ ಅಂದೆ, "ನಾನಿದೀನಲ್ಲಮ್ಮ. ಎಲ್ಲಾ ಗೊತ್ತು ಬುಡಿ."

ತುರುವೇಕೆರೆ ಡಾಕ್ಟರ ವಿಳಾಸವೂ ಬೇಕು ಅಂದರು. ಅಷ್ಟು ದೂರ ಯಾಕೆ ಅಂತ ನಾನೇ ತಪ್ಪಿಸಿದೆ. ನಾಯಿಗೆ ನಾನು ಅಲ್ಲಿಯವರೆಗೆ ಒಂದು ಮಾತ್ರೆಯನ್ನೂ ಕೊಟ್ಟವನಲ್ಲ.

ಮೂರು ವಾರ ಕಳೆದಿತ್ತು. ಡಾಕ್ಟರು ಕಾಲುಬಾಯಿ ಜ್ವರದ ಚುಚ್ಚುಮದ್ದು ಹಾಕೋಕೆ ಹಳ್ಳಿಗಳ ಕಡೆ ಹೋಗಿದ್ದರು. ಮಧ್ಯಾಹ್ನ ಹನ್ನೆರಡೂವರೆಗೆ ಆನಾ ಬೆಲ್ಲನನ್ನು ಎತ್ತಿಕೊಂಡು ಓಡಿ ಬಂದರು. ಬಾಯಲ್ಲಿ ನೊರೆ, ಹೊಟ್ಟೆ ಬಿಗಿದಿತ್ತು. ಹಿಂದೆಯೇ ನಂಜಪ್ಪನವರು.

"ಏನಾದ್ರೂ ತಿಂತಾ ನಂಜಪ್ನೋರೆ? ಇಲಿ ಪಾಷಾಣ ಗಿಷಾಣ ಇಟ್ಟಿದ್ರಾ?"

"ನಮ್ಮನೇಲಾ? ಇಲೀನೇ ಇಲ್ಲ ಕಣಯ್ಯ. ಬಿಸಿಲಿಗೆ ಹಂಗಾಗೈತೆ, ಬುಡು."

ಹಾಗಾದರೆ ಹೊಟ್ಟೆ ಉಬ್ಬರ ಅಂತ ನಾನೇ ತೀರ್ಮಾನ ಮಾಡಿದೆ. ಎತ್ತಿಗೆ ಉಬ್ಬರಿಸಿದಾಗ ಎಣ್ಣೆ ಕುಡಿಸೋದು ವಾಡಿಕೆ. ಆನಾ ನನ್ನ ಕೈ ಹಿಡಿದರು. "ಸಿದ್ದಣ್ಣ, ಒಂದು ಗಂಟೆಗೆ ಬಸ್ಸಿದೆ. ತುರುವೇಕೆರೆಗೆ ಹೋಗೋಣ."

"ಯಾಕಮ್ಮ ಒದ್ದಾಡ್ತೀರಾ? ಈಗ ಎದ್ದು ಓಡಾಡುತ್ತೆ ನೋಡಿ" ಅಂದು ಒಂದು ಲೋಟ ಕೊಬ್ಬರಿ ಎಣ್ಣೆ ಕುಡಿಸಿಯೇಬಿಟ್ಟೆ. ಬಸ್ಸು ಹೋಯ್ತು. ಬೆಲ್ಲ ಏಳಲಿಲ್ಲ.

ಎರಡು ಗಂಟೆಗೆ ನಂಜಪ್ಪನವರ ಹೆಂಡತಿ ಗೌರಮ್ಮ ಸೆರಗು ಸಿಕ್ಕಿಸಿಕೊಂಡು ಬಂದರು. ಗಂಡ ಅಲ್ಲೇ ಕೂತಿದ್ದರೂ ಬಿಡಲಿಲ್ಲ.

"ಸುಳ್ಳು ಕಣಣ್ಣ! ಅಟ್ಟದ ಕೊಬ್ಬರೀಗೆ ಇಲಿ ಬಿದ್ದೈತೆ. ಕೊಬ್ಬರಿ ಚೂರಿಗೆ ಪಾಷಾಣ ಹಚ್ಚಿ ಮಡಗವ್ರೆ, ಅದನ್ನೇ ನಾಯಿ ತಿಂದೈತೆ. ನಾಳೆ ತಿಪಟೂರಿಂದ ವ್ಯಾಪಾರದೋರು ಕೊಬ್ಬರಿ ನೋಡಕ್ಕೆ ಬತ್ತಾರೆ. ವಿಷ ಅಂತ ಗೊತ್ತಾದ್ರೆ ಒಂದು ಉಂಡೆ ಕೊಬ್ಬರೀನೂ ಮುಟ್ಟಲ್ಲ ಅಂತ ಬಾಯಿ ಮುಚ್ಕೊಂಡವ್ರೆ."

ವರ್ಷವಿಡೀ ಅಟ್ಟದಲ್ಲಿ ಒಣಗಿಸಿದ ಕಾಯಿ, ಇಡೀ ಮನೆಯ ಫಸಲು.

ಮೂರಕ್ಕೆ ಡಾಕ್ಟರು ಬಂದರು. ವಿಷಯ ಕೇಳಿ, "ವಾಂತಿ ಮಾಡಿಸಿದ್ಯಾ?" ಅಂದರು.

"ಇಲ್ಲ ಸಾರ್. ಎಣ್ಣೆ ಕುಡಿಸ್ದೆ."

"ಎಣ್ಣೆ ಒಳಗೆ ಹೋದ್ರೆ ಆ ಪಾಷಾಣ ಇನ್ನೂ ಬೇಗ ಮೈಗೆ ಹತ್ತುತ್ತೆ ಕಣಯ್ಯ! ಯಾರು ಹೇಳಿದ್ರು ನಿಂಗೆ?"

ಯಾರೂ ಹೇಳಿರಲಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಗ್ಲೂಕೋಸ್ ಏರಿಸಿದರು. ನಾಲ್ಕೂವರೆಗೆ ಬೆಲ್ಲ ಹೋಯ್ತು. ಆನಾ ಬೈಯಲಿಲ್ಲ. "ನೀವು ಗೊತ್ತು ಅಂದ್ರಿ, ಸಿದ್ದಣ್ಣ" ಅಂದರು, ಅಷ್ಟೇ.

ಒಂದು ವಾರ ನಂಜಪ್ಪನವರನ್ನು ಬೈದುಕೊಂಡು ತಿರುಗಿದೆ. ಆಮೇಲೆ ಅನ್ನಿಸಿತು: ಅವರ ಸುಳ್ಳು ಅವತ್ತಿನದು, ನನ್ನದು ಮೂರು ವಾರ ಹಳೇದು.

ಈಗ ನನ್ನ ಮೊಮ್ಮಗಳು ಮಸ್ಕತ್ತಿನಲ್ಲಿ ನರ್ಸು. ಮೊನ್ನೆ ಫೋನಿನಲ್ಲಿ ಒಂದು ಬೆಕ್ಕು ತೋರಿಸಿ, "ತಾತ, ಇದಕ್ಕೆ ಹುಷಾರು ತಪ್ಪಿದ್ರೆ ಏನ್ಮಾಡ್ಲಿ, ನೀನೇ ಹೇಳು" ಅಂದಳು. ಅಷ್ಟು ಓದಿದ ಮಗು ನನ್ನನ್ನ ಕೇಳಿತಲ್ಲಾ! ಬೀದಿಗೆಲ್ಲಾ ಹೇಳಿಕೊಂಡು ಬಂದೆ, ಹಿಗ್ಗು ತಡೆಯೋಕಾಗಲಿಲ್ಲ. ಅವಳಿಗೆ ಮಾತ್ರ ಹೇಳಿದ್ದು ಇಷ್ಟು:

"ನಂಗೊತ್ತಿಲ್ಲ ಕಣವ್ವ. ಅಲ್ಲಿ ಡಾಕ್ಟರು ಯಾರು, ಅವರಿಲ್ಲದ ದಿನ ಯಾರು, ಇವತ್ತೇ ಕೇಳಿ ಬರ್ಕೊ. ಎಲ್ಲಾ ಗೊತ್ತು ಅಂತ ಯಾರಾದ್ರೂ ಅಂದ್ರೆ, ಇನ್ನೊಬ್ಬರ ವಿಳಾಸಾನೂ ಇಸ್ಕೊ."