ಹಿಟ್ಟು ರುಬ್ಬದ ಗ್ರೈಂಡರ್

ಹದ ಹಾಕಿದ ಉಕ್ಕನ್ನು ಉಜ್ಜುವಾಗ ಅದು ಹೆಚ್ಚು ಕಾದರೆ ಅಂಚಿನಲ್ಲಿ ನೀಲಿ ಬಣ್ಣ ಹರಿಯುತ್ತದೆ. ನೋಡಲು ಬಹಳ ಚೆಂದ. ಆದರೆ ಅಷ್ಟರಲ್ಲಿ ಅಂಚು ಮೆತ್ತಗಾಗಿರುತ್ತದೆ, ಕತ್ತಿ ಕೆಟ್ಟಿರುತ್ತದೆ. ಕೊಪ್ಪದ ಒಂದು ವೆಲ್ಡಿಂಗ್ ಶೆಡ್ಡಿನ ಸಾಣೆಕಲ್ಲಿಗೆ ಹಿಡಿದು ನಾನು ಹೀಗೆ ಮೂರು ಅಲಗು ಕೆಡಿಸಿದ್ದೆ. ದಿನಚರಿಯಲ್ಲಿ ಎರಡರ ಸುದ್ದಿ ಮಾತ್ರ ಇದೆ. ಮೂರನೆಯದನ್ನು ಬರೆಯಲು ನಾಚಿಕೆಯಾಯಿತೋ, ಈಗ ಹೇಳುವಾಗ ನಷ್ಟವನ್ನು ಬೆಳೆಸುತ್ತಿದ್ದೇನೋ ತಿಳಿಯದು.

ಹವ್ಯಾಸವೆಂದು ಸುಮ್ಮನಿರಬಹುದಿತ್ತು. ಆದರೆ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ಅಡಿಕೆ ಸುಲಿಯುವ ಹೆಂಗಸೊಬ್ಬರಿಗೆ ಮೆಟ್ಟುಗತ್ತಿ ಮಾಡಿಕೊಡುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಮಣೆಗೆ ನೆಟ್ಟಗೆ ಕೂರಿಸಿದ ಅಲಗು ಅದು. ಮಣೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಎರಡೂ ಕೈಯಲ್ಲಿ ಕಾಯಿ ಹಿಡಿದು ಸುಲಿಯಬೇಕು. ಅವರ ಹಳೆಯ ಅಲಗು ಸವೆದು ಬೆರಳಗಲಕ್ಕೆ ಬಂದಿತ್ತು. ಕತ್ತಿ ಕಚ್ಚದಿದ್ದರೆ ಹೆಬ್ಬೆರಳು ಊದಿಕೊಳ್ಳುತ್ತದೆ ಎಂದು ಕೈ ತೋರಿಸಿದ್ದರು.

"ಮಾಡೋದಾದ್ರೆ ಕೊಯ್ಲಿಗೆ ಮುಂಚೆ ಮಾಡಿ. ಆಮೇಲೆ ನಂಗೆ ಪುರ್ಸೊತ್ತಿರಲ್ಲ."

ನನ್ನಲ್ಲಿ ಉಳಿದದ್ದು ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಮಾಡಿದ ಒಂದೇ ಅಲಗು. ಅದಕ್ಕೆ ಹದ ಹಾಕಿಕೊಟ್ಟ ಕುಲುಮೆಯವರು, "ಇದನ್ನೂ ಸುಟ್ಕಂಡು ಬಂದ್ರೆ ನನ್ ಹತ್ರ ಬರಬೇಡಿ ಮಾರಾಯ್ರೆ" ಎಂದಿದ್ದರು.

ಇಂಟರ್ನೆಟ್ ಸೆಂಟರಿನಲ್ಲಿ ಬೆಲ್ಟ್ ಗ್ರೈಂಡರಿನ ಚಿತ್ರ ಕಂಡದ್ದು ಆ ವಾರವೇ. ಗಾಲಿಗಳ ಮೇಲೆ ಓಡುವ ಉಪ್ಪುಕಾಗದದ ಪಟ್ಟಿ. ಪಟ್ಟಿ ಉದ್ದವಿದ್ದಷ್ಟೂ ಅಲಗು ಕಾಯುವುದು ಕಡಿಮೆ. ಕೂಡಲೇ ಅಳತೆಗಳ ಸಮೇತ ಪ್ರಿಂಟ್ ತೆಗೆಸಿಕೊಂಡೆ. ಚಿತ್ರದಲ್ಲಿದ್ದ ಯಂತ್ರವಂತೂ ನನ್ನ ಕೈಗೆ ಎಟುಕುವಂಥದ್ದಲ್ಲ. ಎಟುಕುವಂಥ ಪುಟ್ಟದೊಂದು ಬೆಂಗಳೂರಿನಲ್ಲಿತ್ತು. ಆದರೆ ಅದರ ಪಟ್ಟಿ ತೀರ ಕಿರಿದು, ಸವೆದಾಗಲೆಲ್ಲ ಅಲ್ಲಿಂದಲೇ ತರಿಸಬೇಕು. ಯಾವುದಕ್ಕೂ ಇರಲೆಂದು ಶೃಂಗೇರಿಯ ಒಂದು ಮೋಟಾರು ಅಂಗಡಿಗೆ ಫೋನ್ ಮಾಡಿದೆ.

"ಬೆಲ್ಟ್ ಗ್ರೈಂಡರಾ? ಇದೆಯಲ್ಲ. ಬನ್ನಿ."

ಸಿಕ್ಕಿದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದನ್ನು ಎಲ್ಲಿ ಕೂರಿಸುವುದು, ಹೊಗೆಯಂಥ ಕಬ್ಬಿಣದ ಪುಡಿ ಎತ್ತ ಹೋಗುವಂತೆ ಮಾಡುವುದು ಎಂದೆಲ್ಲ ಲೆಕ್ಕ ಹಾಕಿದೆ. ಅಂಗಡಿಯವರು ಹೆಮ್ಮೆಯಿಂದ ರಟ್ಟಿನ ಪೆಟ್ಟಿಗೆ ಬಿಚ್ಚಿದರು. ಒಳಗಿದ್ದದ್ದು ದೋಸೆ ಹಿಟ್ಟು ರುಬ್ಬುವ ಗ್ರೈಂಡರ್.

"ಬೇರೆ ಕಡೆ ಗೇರ್ ಇರೋದು ಕೊಡ್ತಾರೆ. ಇದು ಬೆಲ್ಟು. ಸದ್ದೇ ಇಲ್ಲ ನೋಡಿ."

"ಇದಲ್ಲ, ನಂಗೆ ಕತ್ತಿ ಮಾಡಕೆ ಬೇಕಾಗಿದ್ದು."

"ಕತ್ತಿಗಾ? ನೀವು ಹೋಟ್ಲು ಇಡ್ತೀರೇನೋ ಅಂದ್ಕಂಡಿದ್ದೆ ಮಾರಾಯ್ರೆ."

ಆಗ ನನ್ನ ಕಣ್ಣಿಗೆ ಅದರ ಅಡಿಯ ಮೋಟಾರು ಬಿತ್ತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಮೊನ್ನೆ ದಿನಚರಿ ತೆಗೆದು ನೋಡಿದರೆ ಹಾಗಿಲ್ಲ. ಒಳಗಿನಿಂದ ಬಂದ ಅಂಗಡಿಯವರ ಹೆಂಡತಿ ಹೇಳಿದ್ದು: "ಕಲ್ಲು ಒಡೆದ ಗ್ರೈಂಡರ್ ಒಂದು ಹಿಂದೆ ಬಿದ್ಕಂಡಿದೆಯಲ್ಲ, ಅದರ ಮೋಟಾರು ಇವರಿಗೆ ಆಗಲ್ವಾ? ತಿರುಗಿದ್ರೆ ಸಾಕಲ್ಲ ಇವರಿಗೆ."

ಅರ್ಧ ಎಚ್.ಪಿ. ಮೋಟಾರು. ನಮ್ಮ ಮನೆಯ ಕರೆಂಟಿಗೆ ಅದಕ್ಕಿಂತ ದೊಡ್ಡದು ಹೇಗೂ ಎಳೆಯುತ್ತಿರಲಿಲ್ಲ. ಚೀಲದಲ್ಲಿ ಹಾಕಿ ತೊಡೆಯ ಮೇಲಿಟ್ಟುಕೊಂಡೇ ಊರಿಗೆ ತಂದೆ.

ಮರುದಿನ ಎನ್.ಆರ್. ಪುರದ ಲೇತಿನಲ್ಲಿ ಗಾಲಿಗಳನ್ನು ಮಾಡಿಸಲು ಹೊರಟೆ. ಎಷ್ಟು ಉದ್ದದ ಪಟ್ಟಿಗೆ ಎಂದು ಲೇತಿನವರು ಕೇಳಿದಾಗ ಪ್ರಿಂಟ್ ತೆಗೆದು ಇಂಚು ಓದತೊಡಗಿದೆ. ಪಕ್ಕದ ಫರ್ನಿಚರ್ ಶೆಡ್ಡಿನ ಬಡಗಿ ಇಣುಕಿ ನೋಡಿ ನಕ್ಕರು.

"ಅಮೆರಿಕದ ಅಳತೆ ಬಿಡಿ. ಇಲ್ಲಿ ಯಾವ ಪಟ್ಟಿ ಸಿಗ್ತದೆ ಅಂತ ಮೊದ್ಲು ನೋಡಿ, ಮಷಿನ್ನು ಆಮೇಲೆ. ನಾವು ಉಲ್ಟಾ ಮಾಡಿ, ಪಟ್ಟಿ ಸಿಗದೆ ಒಂದು ಮಷಿನ್ನ ಗೋಡೆಗೆ ಒರಗಿಸಿಟ್ಟಿದೀವಿ."

ಅವರು ಮರ ಉಜ್ಜಲು ಶಿವಮೊಗ್ಗದಿಂದ ತರಿಸುವ ಪಟ್ಟಿಯನ್ನೇ ಕೈಗಿತ್ತರು. ಅದು ಚಿತ್ರದಲ್ಲಿದ್ದುದಕ್ಕಿಂತ ಗಿಡ್ಡ, ಆದರೆ ಕೆಂಪು ಕಲ್ಲಿನ ಪುಡಿಯಂತೆ ಒರಟಾಗಿ ಕೈಗೆ ಹಿತವಾಗಿತ್ತು. ಅದರ ಉದ್ದಕ್ಕೆ ಸರಿಯಾಗಿ ಚೌಕಟ್ಟು ಕಟ್ಟಿಸಿದೆ. ಗಿಡ್ಡ ಪಟ್ಟಿ ಬೇಗ ಕಾಯುತ್ತದೆ. ಅದಕ್ಕೆ ಲೇತಿನವರು ಪಟ್ಟಿ ಓಡಿಸುವ ಗಾಲಿಯ ಕಡೆಗೆ ದೊಡ್ಡ ಪುಲ್ಲಿ ಹಾಕಿ ವೇಗ ಇಳಿಸಿಕೊಟ್ಟರು.

ಮೊದಲ ಸಲ ಸ್ವಿಚ್ ಒತ್ತಿದಾಗ ಪಟ್ಟಿ ಕೆಳಗಿನಿಂದ ಮೇಲಕ್ಕೆ ಓಡಿ ಕಿಡಿಯೆಲ್ಲ ನನ್ನ ಮುಖಕ್ಕೇ ಹಾರಿತು. ಮೋಟಾರನ್ನು ತಿರುಗಿಸಿ ಕೂರಿಸಿದೆ. ಅಲಗನ್ನು ಬರಿಗೈಯಲ್ಲಿ ಹಿಡಿದೆ, ಬಿಸಿ ತಾಗಿದರೆ ತಿಳಿಯಲೆಂದು. ಎರಡು ಸಲ ಉಜ್ಜುವುದು, ಒಮ್ಮೆ ಬಕೆಟ್ಟಿನಲ್ಲಿ ಅದ್ದುವುದು. ನೀಲಿ ಬರಲಿಲ್ಲ. ಅಂಚು ಬೆಳ್ಳಗೆ ಒಂದೇ ಗೆರೆಯಾಗಿ ಇಳಿಯುತ್ತಿದ್ದರೆ ನಾನು ಒಬ್ಬನೇ ನಗುತ್ತಿದ್ದೆ.

ಕೊಯ್ಲು ಶುರುವಾದ ದಿನ ಬೆಳಿಗ್ಗೆ ನಾರ್ವೆಗೆ ಹೋಗಿ ಕೊಟ್ಟೆ. ಅವರು ಮಣೆಯನ್ನು ಮೆಟ್ಟಿ ಕೂತು ನಾಲ್ಕು ಕಾಯಿ ಸುಲಿದರು.

"ಹೆಂಗಿದೆ?"

"ಈಗ್ಲೇ ಎಂತ ಹೇಳದು? ನಾಲ್ಕು ಕಾಯಿ ಯಾವ ಕತ್ತಿನೂ ಸುಲಿತದೆ. ಕೂತ್ಕಳಿ."

ಕೂತೆ. ಅವರ ಕೈ ಮಸೆಯುವ ಕಲ್ಲಿನ ಕಡೆಗೆ ಹೋಗುತ್ತದೆಯೋ ಎಂದು ನೋಡುತ್ತಲೇ ಇದ್ದೆ. ಒಮ್ಮೆಯೂ ಹೋಗಲಿಲ್ಲ ಎಂದು ಬರೆಯುವ ಆಸೆ. ಊಟದ ನಂತರ ಒಮ್ಮೆ ಹೋಯಿತು. ಸಂಜೆಗೆ ಬುಟ್ಟಿಗಳು ಸಾಲಾಗಿ ತುಂಬಿದ್ದವು. ಅವರ ಪಕ್ಕದಲ್ಲಿ ಸುಲಿಯುತ್ತಿದ್ದವರು ಅಲಗನ್ನು ಬಗ್ಗಿ ನೋಡಿ, "ನಂಗೂ ಒಂದು ಮಾಡಕೆ ಹೇಳೆ" ಎಂದರು.

"ಇರೆ, ಈ ಕೊಯ್ಲು ಮುಗೀಲಿ. ಅಷ್ಟರಲ್ಲಿ ಇದು ಹಾಳಾದ್ರೆ ಇವರಿಗೆ ನನ್ನ ಕೆಲಸನೇ ಮೊದ್ಲು" ಎಂದು ಅವರು ಮತ್ತೊಂದು ಕಾಯಿ ತೆಗೆದುಕೊಂಡರು.