ಕೌದಿಯ ನಡುವಿನ ಕಪ್ಪು ಚೌಕ

ಮೊಮ್ಮಗಳ ತೊಟ್ಟಿಲಿಗೆ ನಾನೇ ಬಣ್ಣ ಹೊಂದಿಸಿ ಹೊಲಿಯಲು ಕೊಟ್ಟ ಕೌದಿಗೆ ಬಾಣಾವರದಲ್ಲಿ ಏನಾಯಿತು, ಹೇಳಿ ನೋಡೋಣ?

ಹೆಂಡತಿಯ ಹಳೇ ಸೀರೆಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಹಳದಿಯ ಪಕ್ಕ ಹಸಿರು, ಹಸಿರಿನ ಪಕ್ಕ ಕೆಂಪು ಎಂದು ಗ್ರಾಫ್ ಹಾಳೆಯಲ್ಲಿ ಬರೆದು, ಕೌದಿ ಹೊಲಿಯುವ ಗಂಗಮ್ಮನಿಗೆ ಒಪ್ಪಿಸಿ ಬಂದಿದ್ದೆ. ತಿಂಗಳಾದ ಮೇಲೆ ಹೋಗಿ ಬಿಡಿಸಿ ನೋಡುತ್ತೇನೆ, ನಟ್ಟನಡುವೆ ಅಂಗೈಯಗಲದ ಕಪ್ಪು ತುಂಡು!

“ಏನಮ್ಮ ಇದು? ನನ್ನ ಹಾಳೆಯಲ್ಲಿ ಕಪ್ಪೇ ಇರಲಿಲ್ಲವಲ್ಲ!”

“ಇಷ್ಟ್ ಚೆಂದಾಗೈತೆ, ದೃಷ್ಟಿ ಆಗಾಕಿಲ್ವಾ ಮೇಷ್ಟ್ರೇ? ಮಗೀನ ಕೆನ್ನೆಗೆ ಕಪ್ಪು ಬೊಟ್ಟು ಇಕ್ಕಾಕಿಲ್ವಾ? ಇದೂ ಅಂಗೇಯ.”

“ಮೊದಲು ಅದನ್ನು ಬಿಚ್ಚಮ್ಮ.”

“ಬಿಚ್ಚಾಕಿಲ್ಲ. ನಾಳೆ ಮಗೀಗೆ ಜ್ವರ ಬಂದ್ರೆ ನೀವೇ ನನ್ನ ಬೈತೀರಿ.”

ಮೂವತ್ತು ವರ್ಷ ಪಾಠ ಹೇಳಿದ ನಾನು ಕೂಲಿ ಎಣಿಸಿ ಕೊಟ್ಟೆ. ಹೊರಗೆ ಮಳೆ ಶುರುವಾಗಿತ್ತು. ಹಿಂದಿನ ಸಲ ಅಲ್ಲೇ ಮರೆತಿದ್ದ ನನ್ನ ಕೊಡೆ ಕೇಳಿದೆ. ಆಕೆ ಕೌದಿಯ ನಡುವಿಗೆ ಬೆರಳು ತೋರಿಸಿದಳು.

“ಕಪ್ಪು ಬಟ್ಟೆ ಇನ್ನೆಲ್ಲಿಂದ ತರ್ಲಿ? ತೂತಾಗಿತ್ತು ಬುಡಿ.”

ಕೌದಿಯನ್ನು ಅಂಗಿಯೊಳಗೆ ಅವುಚಿಕೊಂಡು, ನಾನು ಮಾತ್ರ ತೊಪ್ಪೆಯಾಗಿ ಅರಸೀಕೆರೆ ಬಸ್ಸು ಹತ್ತಿದೆ. ಆ ವರ್ಷ ಇನ್ನೂ ಮೂರು ಕೊಡೆ ಕಳೆದುಕೊಂಡೆ. ಕಳೆಯದೆ ಏನಾದೀತು ಹೇಳಿ? ಆವತ್ತು ಆದದ್ದೇ ವರ್ಷವಿಡೀ ಆಗುತ್ತದೆ ಎನ್ನುವ ದಿನ ಅದು: ಯುಗಾದಿಯ ಮಾರನೇ ದಿನ, ವರ್ಷತೊಡಕು.