ಲಿಂಗ ಕೇಳಿ ಬರೆದ ಅರ್ಜಿ

ನನ್ನ ಗಂಡನ ರಕ್ತದ ಅಂಗಿಯನ್ನು ನಾನೇ ಒಗೆದುಬಿಟ್ಟೆ. ಲಿಂಗಪೂಜೆ ನಡೆಯುವ ಮನೆಯಲ್ಲಿ ಅಂಥ ಬಟ್ಟೆ ಬಿದ್ದಿರಬಾರದೆಂದು, ಆ ಬರಗಾಲದಲ್ಲಿ ಕುಡಿಯಲು ಇಟ್ಟಿದ್ದ ಎರಡು ಕೊಡಗಳಲ್ಲಿ ಒಂದನ್ನು ಅದರ ಮೇಲೆ ಸುರಿದೆ. ಠಾಣೆಯ ಫೌಜದಾರನ ಮೇಲೆ ದೂರು ಕೊಟ್ಟಾಗ, ಭಾಲ್ಕಿಯಿಂದ ಬರುವ ನಮ್ಮ ವಕೀಲರು ಮೊದಲು ಕೇಳಿದ್ದು ಅದೇ ಅಂಗಿಯನ್ನು.

"ಒಗದೀನ್ರಿ" ಎಂದೆ.

"ಭಾಳ ಶಾಣ್ಯಾ ಅದೀರಿ ತಾಯಿ! ಸಾಕ್ಷಿಗೇ ಸಾಬಾಣ ಹಚ್ಚೀರಿ."

ನಡೆದದ್ದು ಇಷ್ಟು. ಚಿದ್ರಿಯ ನಮ್ಮ ಓಣಿಗೆ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಿತ್ತು. ನೂಕಾಟದಲ್ಲಿ ಫೌಜದಾರ ಒಬ್ಬ ಮುದುಕಿಯ ಮೇಲೆ ಲಾಠಿ ಎತ್ತಿದ. ಕೊಳಾರದ ಗೋದಾಮಿನ ಕೆಲಸಕ್ಕೆ ಹೊರಟಿದ್ದ ಇವರು, "ವಯಸ್ಸಾದಾಕಿ ಅದಾಳ, ಬಿಡ್ರಿ ಸಾಹೇಬ್ರ" ಎಂದರು. ಅಷ್ಟಕ್ಕೇ ಜೀಪು ಹತ್ತಿಸಿದರು.

ಠಾಣೆಯಲ್ಲಿ ಇವರ ಕೊರಳಿನ ಶಿವದಾರ ಬಿಚ್ಚಿಸಿ ಇಷ್ಟಲಿಂಗವನ್ನು ತೆಗೆದಿಟ್ಟುಕೊಂಡರು. ಒಳಗಿರುವವರ ಮೈಮೇಲೆ ದಾರ ಇರಬಾರದಂತೆ. ಪೂಜೆಯಿಲ್ಲದೆ ಇವರು ಗುಟುಕು ನೀರೂ ಮುಟ್ಟುವವರಲ್ಲ. ಮಧ್ಯಾಹ್ನವಾದರೂ ಒಣಬಾಯಲ್ಲೇ ಇದ್ದಾರೆಂದು ತಿಳಿದು ನಾನು ಅಲ್ಲಿಗೆ ಹೋಗಿ, ಒಳಗಿರುವ ಇವರಿಗೆ ಪೂಜೆಗೆ ಲಿಂಗ ಕೊಡಿರೆಂದು ಅರ್ಜಿ ಬರೆದೆ. ಮನುಷ್ಯನನ್ನೇ ಬಿಡಿರೆಂದು ಬರೆಯುವ ಧೈರ್ಯ ನನಗಿರಲಿಲ್ಲ. ಠಾಣೆಯ ಕಾಗದಪತ್ರ ನೋಡುವ ರೈಟರ್ ಓದಿ, ಕಪಾಟಿನಿಂದ ಲಿಂಗ ತೆಗೆದು ಒಳಗೆ ಕಳಿಸಿದ. ಮರುದಿನ ಇವರು ಮನೆಗೆ ಬಂದಾಗ ಹೊಡೆತಕ್ಕೆ ಎಡಗೈ ಮುರಿದಿತ್ತು, ಅಂಗಿ ರಕ್ತವಾಗಿತ್ತು.

ನಮ್ಮ ದೂರಿನ ವಿಚಾರಣೆಗೆ ಒಂದು ದಿನ ಇರುವಾಗ ಒಬ್ಬ ಹವಾಲ್ದಾರ ನಮ್ಮ ಬಾಗಿಲಿಗೆ ಬಂದ.

"ಅಕ್ಕಾರ, ದೂರು ವಾಪಸ್ ತಗೊಂಡ್ಬಿಡ್ರಿ. ನಿಮ್ಮ ಮನಿಯವ್ರು ಠಾಣಿಗೇ ಬಂದಿಲ್ಲಂತ ಸಾಹೇಬ್ರು ಬರದು ಕೊಟ್ಟಾರ. ನಾಳಿ ನಿಮ್ಮ ಮ್ಯಾಲೇ ಸುಳ್ಳು ದೂರಿನ ಕೇಸ್ ಬೀಳತದ. ಅವ್ರ ನೌಕರಿ ಉಳೀತದೇನ್ರಿ?"

"ಓಣಿ ಮಂದಿ ನೋಡ್ಯಾರಲ್ರಿ."

ಅವನು ಓಣಿಯುದ್ದಕ್ಕೂ ಬೀಗ ಬಿದ್ದ ಬಾಗಿಲುಗಳತ್ತ ಕೈ ಮಾಡಿದ. "ಎಲ್ಲಿದ್ದಾರ್ರಿ ಮಂದಿ? ಬೀಗ ಬಂದು ಸಾಕ್ಷಿ ಹೇಳ್ತಾವೇನು?"

ಅದು ನಿಜ. ಅರ್ಧ ಓಣಿ ದುಡಿಯಲು ಹೈದರಾಬಾದಿಗೆ ಹೋಗಿತ್ತು. ಆ ಮುದುಕಿ ಔರಾದಿನ ಮಗಳ ಮನೆಗೆ ಹೋಗಿ, ಅಲ್ಲಿಂದ ಮಗಳ ಸಂಗಡ ಎಲ್ಲಿಗೋ ಹೊರಟುಹೋಗಿದ್ದಳು. ಮೆಹಕರದಲ್ಲಿರುವ ನನ್ನ ಅಣ್ಣನೂ, "ಕೈ ಮುಗದು ಬಿಟ್ಬಿಡವ್ವಾ ತಂಗಿ" ಎಂದಿದ್ದ.

ಪೂಜೆಗೆ ಕುಳಿತೆ, ಮನಸ್ಸು ನಿಲ್ಲಲಿಲ್ಲ. ಠಾಣೆಗೇ ಹೋಗದವರ ಲಿಂಗ ಅಲ್ಲಿ ಹೇಗಿತ್ತು? ಆಗ ನೆನಪಾಯಿತು. ಆ ವರ್ಷ ರೇಷನ್ನಿಗೆ, ಟ್ಯಾಂಕರಿಗೆ ಅರ್ಜಿ ಕೊಟ್ಟೂ ಕೊಟ್ಟೂ, ಯಾವ ಕಚೇರಿಗೆ ಹೋದರೂ ಎರಡು ಪ್ರತಿ ಬರೆದು, ಒಂದಕ್ಕೆ ಮುಟ್ಟಿತೆಂದು ಶಿಕ್ಕಾ ಹೊಡೆಸಿ ತರುವುದು ನಮಗೆ ರೂಢಿಯಾಗಿತ್ತು. ಅವತ್ತೂ ಎರಡು ಬರೆದಿದ್ದೆ. ರೈಟರನೂ ರೂಢಿಯಿಂದಲೇ ತಾರೀಖು ಹಾಕಿ ಶಿಕ್ಕಾ ಒತ್ತಿದ್ದ. ವಿಭೂತಿ ಡಬ್ಬಿಯ ಕೆಳಗೆ ಆ ಕಾಗದ ಮಡಚಿಕೊಂಡು ಕುಳಿತಿತ್ತು.

ವಿಚಾರಣೆಯ ಅಧಿಕಾರಿ ಅದನ್ನು ಎರಡು ಸಲ ಓದಿದರು.

"ಇದು ನಿಮ್ಮ ಠಾಣಿ ಶಿಕ್ಕಾ ಹೌದಲ್ಲೊ?"

"ಹೌದ್ರಿ ಸರ್" ಎಂದ ಫೌಜದಾರ.

"ಆ ಮನಷ್ಯಾ ಬಂದಿಲ್ಲ, ಅವನ ಲಿಂಗ ಹ್ಯಾಂಗ್ ಬಂತು? ನಡಕೋತ ಬಂತೇನು?"

ಯಾರೂ ನಗಲಿಲ್ಲ. ನಮ್ಮ ದೂರು ಸುಳ್ಳಲ್ಲವೆಂದು ಅವತ್ತೇ ಬರೆದುಕೊಂಡರು. ಪರಿಹಾರದ ದಾವೆ ಕೋರ್ಟಿನಲ್ಲಿ ಇನ್ನೂ ನಡೆದಿದೆ. ನೌಕರಿ ಉಳಿಯಿತು, ಬಲಗೈ ಉಳಿಯಿತು, ಶಿವನ ದಯೆ. ಲಿಂಗ ಹಿಡಿಯುವುದು ಮಾತ್ರ ಎಡಗೈಯಲ್ಲಿ. ಆ ಕೈ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಪೂಜೆಯ ಹೊತ್ತಿಗೆ ಕೆಳಗಿನಿಂದ ನನ್ನ ಅಂಗೈ ಕೊಡುತ್ತೇನೆ.